ಪಿಸುರಾಯರ ಮಗಳು

ಪಿಸುರಾಯರಿಗೆ ಮಕ್ಕಳಿಲ್ಲ ಎಂಬುದು ಆ ಮೂರು ಮಹಡಿಯ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ಊರಲ್ಲಿಲ್ಲದ ಹೊತ್ತಿನಲ್ಲಿ, ಅವರ ಮನೆಯೊಳಗಿಂದ "ಅಪ್ಪಾ, ನಾನು ಈ ಮನೆ ಬಿಟ್ಟು ಹೋಗುತ್ತಿದ್ದೇನೆ" ಎಂದು ಹರೆಯದ ಹೆಣ್ಣುದನಿಯೊಂದು ಸ್ಪಷ್ಟವಾಗಿ ಕೇಳಿಸಿದರೆ ಅಕ್ಕಪಕ್ಕದವರು ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕೇ? ಕೂರಲಿಲ್ಲ. ಕೂತಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ನಡೆದದ್ದನ್ನು ಹೇಳುವ ಮೊದಲು ರಾಯರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಪಿಸುರಾಯರು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಸ್ ಡಿಪೋ ಇಟ್ಟದ್ದು. ನಿವೃತ್ತರಾಗುವವರೆಗೂ ಅವರು ಡಿಪೋದ ಸ್ಟೋರಿನಲ್ಲಿ ಕೂತು ಫ್ಯಾನ್ ಬೆಲ್ಟು, ಬ್ರೇಕ್ ಲೈನರು, ವೈಪರ್ ಬ್ಲೇಡುಗಳನ್ನು ಸಹಿ ಹಾಕಿಸಿಕೊಂಡು ಕೊಡುತ್ತಿದ್ದರು. ಆ ಡಿಪೋದಲ್ಲಿ ಒಂದು ನಾಟಕ ಸಂಘವಿತ್ತು. ರಿಪೇರಿ ಶೆಡ್ಡೇ ರಂಗಮಂದಿರ. ಎರಡು ಬಸ್ಸುಗಳನ್ನು ಎದುರುಬದುರು ನಿಲ್ಲಿಸಿದರೆ ಅವೇ ಸೈಡ್ ವಿಂಗು, ಮೂರನೆಯದರ ಹೆಡ್‌ಲೈಟೇ ಬೆಳಕು, ಹಳೇ ಟೈರುಗಳೇ ಕುರ್ಚಿ. ಬ್ಯಾಟರಿ ಇಳಿಯತೊಡಗಿದರೆ ರಾಜನ ಮುಖವೂ ಇಳಿಯುತ್ತಿತ್ತು. ಕಂಡಕ್ಟರುಗಳಿಗೆ ಗಂಟಲಿತ್ತು, ಡ್ರೈವರುಗಳಿಗೆ ಮೈಕಟ್ಟಿತ್ತು, ಮಾತು ನೆನಪಿಟ್ಟುಕೊಳ್ಳುವ ತಾಕತ್ತು ಮಾತ್ರ ಒಬ್ಬರಿಗೂ ಇರಲಿಲ್ಲ. ಅದಕ್ಕೆಂದೇ ರಾಯರಿದ್ದರು. ಎಡಗಡೆ ಬಸ್ಸಿನ ಮೆಟ್ಟಿಲ ಮೇಲೆ ಕೂತು, ಮೊಣಕಾಲ ಮೇಲೆ ನಾಟಕದ ಪುಸ್ತಕ ಹರವಿಕೊಂಡು, ಎಲ್ಲರ ಮಾತನ್ನೂ ಒಂದು ಉಸಿರು ಮೊದಲೇ ಪಿಸುಗುಟ್ಟುತ್ತಿದ್ದರು. ರಾಜನ ಗರ್ಜನೆ, ರಾಣಿಯ ಅಳು, ಕಳ್ಳನ ಕೆಮ್ಮು, ಎಲ್ಲ ಮೊದಲು ಅವರ ಬಾಯಲ್ಲೇ ಹುಟ್ಟುತ್ತಿತ್ತು. ಚಪ್ಪಾಳೆ ಮಾತ್ರ ಬಸ್ಸಿನ ಆಚೆಗೆ ಬೀಳುತ್ತಿತ್ತು.

ಅವರ ಮದುವೆಯಾದದ್ದೂ ಆ ಮೆಟ್ಟಿಲ ಕೃಪೆಯಿಂದಲೇ. ಸಂಘದ ಖಾಯಂ ಹೀರೋ ಒಬ್ಬ ಡ್ರೈವರು. ಅವನ ತಂಗಿ ಮೊದಲ ಸಾಲಿನ ಟೈರಿನ ಮೇಲೆ ಕೂತು ನಾಟಕ ನೋಡಿದಳು. "ನಿನ್ನ ಅಣ್ಣ ಹೇಗೆ ಮಾಡಿದ?" ಎಂದು ಯಾರೋ ಕೇಳಿದ್ದಕ್ಕೆ, "ಅಣ್ಣ ಹೇಳಿದ್ದು ಎರಡನೇ ಸಲ. ಮೊದಲು ಬಸ್ಸೊಳಗಿಂದ ಯಾರೋ ಹೇಳಿದ್ರಲ್ಲ, ಅದು ಚೆನ್ನಾಗಿತ್ತು" ಎಂದುಬಿಟ್ಟಳು. ಮಾತು ಸ್ಟೋರಿನ ಕಿಟಕಿಗೂ ಬಂತು. ಅಂದು ರಾಯರು ಕ್ಲಚ್ ಪ್ಲೇಟು ಕೇಳಿದವನಿಗೆ ಹಾರನ್ ಕೊಟ್ಟು ಕಳಿಸಿದರಂತೆ. ಮದುವೆಯಾದ ಮೇಲೆ ಪ್ರತಿ ನಾಟಕಕ್ಕೂ ಹೆಂಡತಿ ಒಂದೇ ರಾಗ ಎಳೆಯುತ್ತಿದ್ದಳು: "ಒಂದ್ಸಲ ಮುಂದೆ ಬಂದು ನಿಂತ್ಕೊಂಡು ಹೇಳ್ರಿ. ಮುಖ ಕಾಣ್ಲಿ." ರಾಯರದ್ದೂ ಒಂದೇ ಉತ್ತರ: "ನಾನು ಮುಂದೆ ಹೋದ್ರೆ ಹಿಂದೆ ಯಾರೇ?" ನಿಜ ಹೇಳಬೇಕೆಂದರೆ ಅವರಿಗೆ ಮುಂದೆ ಹೋಗಲು ಕಾಲು ನಡುಗುತ್ತಿತ್ತು. ನಡುಗುವ ಕಾಲಿನ ಮೇಲೆ ಆಸೆಯೊಂದು ಮಾತ್ರ ಗಟ್ಟಿಯಾಗಿ ನಿಂತಿತ್ತು.

ಕಾಲ ನಿಲ್ಲುತ್ತದೆಯೇ? ಸಂಘ ಮುಚ್ಚಿತು, ಶೆಡ್ಡು ಕೆಡವಿದರು, ರಾಯರು ನಿವೃತ್ತರಾದರು. ಆಗ ಅವರ ಫೋನಿಗೆ ಒಂದು ಜಾಹೀರಾತು ಬಂತು. ಧಾರಾವಾಹಿಯೊಂದಕ್ಕೆ ತಂದೆಯ ಪಾತ್ರ ಬೇಕಾಗಿದೆ, ಹೊಸಬರಾದರೂ ಸರಿ, ಜೊತೆಗಿರುವ ದೃಶ್ಯವನ್ನು ಮನೆಯಲ್ಲೇ ಅಭಿನಯಿಸಿ ವಿಡಿಯೊ ಕಳಿಸಿ, ಭಾನುವಾರ ಸಂಜೆ ಕೊನೆ. ದೃಶ್ಯವೂ ಚಿಕ್ಕದೇ. ತನಗೊಬ್ಬಳು ಮಗಳಿದ್ದಾಳೆಂದು ಲೋಕದಿಂದ ಮುಚ್ಚಿಟ್ಟ ತಂದೆ, ಬೇಸತ್ತು ಮನೆ ಬಿಡಲು ನಿಂತ ಮಗಳು. ರಾಯರ ಎದೆ ಡಿಪೋದ ಡೀಸೆಲ್ ಇಂಜಿನ್ನಿನಂತೆ ಹೊಡೆದುಕೊಂಡಿತು. ಇದೊಂದು ಸಲ ತನ್ನ ಮುಖ ಕಾಣಬೇಕು, ತನ್ನ ಮಾತನ್ನು ತಾನೇ ಹೇಳಬೇಕು. ಹೆಂಡತಿಗೆ ಈಗಲೇ ಹೇಳುವುದು ಬೇಡ, ಒಂದು ದಿನ ಟೀವಿ ಹಾಕಿ ಸುಮ್ಮನೆ ತೋರಿಸಿಬಿಡಬೇಕು. ಅದೃಷ್ಟಕ್ಕೆ ಅವಳು ತಂಗಿಯ ಕಣ್ಣಿನ ಆಪರೇಷನ್ನಿಗೆಂದು ಪಕ್ಕದ ಊರಿಗೆ ಹೋಗಿದ್ದಳು.

ಆದರೆ ಮಗಳ ಮಾತು ಹೇಳುವವರು ಯಾರು? ಮೊಬೈಲ್ ಅಂಗಡಿಯವನು ದಾರಿ ತೋರಿಸಿದ. "ಇದರಲ್ಲಿ ಎಐ ಇದೆ ಸಾರ್. ಯಾವ ಪಾರ್ಟು ಕೊಟ್ರೂ ಮಾಡುತ್ತೆ. ಬೇಜಾರು ಅನ್ನೋದೇ ಗೊತ್ತಿಲ್ಲ ಅದಕ್ಕೆ."

ಭಾನುವಾರ ಬೆಳಿಗ್ಗೆ ರಾಯರು ಬಾಗಿಲು ಹಾಕಿ, ಕಿಟಕಿಗೆ ಪರದೆ ಎಳೆದು, ವಿಡಿಯೊಗೆಂದು ದೀಪ ಹಾಕಿ ತಮ್ಮ ನಾಟಕ ಕಂಪನಿ ತೆರೆದರು. ಗಾಜು ಬಿರಿದ ಹಳೇ ಫೋನು ವಿಡಿಯೊ ತೆಗೆಯಲು, ಹೊಸ ಫೋನು ಮಗಳ ಪಾತ್ರಕ್ಕೆ. ಮಗಳೆಂದ ಮೇಲೆ ಒಂದು ಆಕಾರ ಬೇಡವೇ? ಕಂಬದ ಮೇಲೆ ನಿಲ್ಲುವ ಫ್ಯಾನಿನ ಕತ್ತಿಗೆ ಹೊಸ ಫೋನನ್ನು ದಾರದಿಂದ ಕಟ್ಟಿ, ಕಂಬಕ್ಕೆ ಹೆಂಡತಿಯ ಶಾಲು ಹೊದಿಸಿದರು. ಸೆಕೆಯಿದ್ದುದರಿಂದ ಫ್ಯಾನನ್ನೂ ಹಾಕಿದರು. ಮಗಳು ಅತ್ತಿತ್ತ ತಲೆ ತಿರುಗಿಸತೊಡಗಿದಳು.

"ನಮಸ್ಕಾರ. ನಾನು ಮಗಳ ಪಾತ್ರಕ್ಕೆ ಸಿದ್ಧಳಿದ್ದೇನೆ. ತಾವು ಸಿದ್ಧರೇ?" ಎಂದಿತು ಫೋನು, ಪಠ್ಯಪುಸ್ತಕ ನುಂಗಿದಂಥ ಕನ್ನಡದಲ್ಲಿ.

ರಾಯರು ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿದರು.

"ಅದ್ಭುತ! ಆ ಕೆಮ್ಮಿನಲ್ಲಿ ತಂದೆಯ ಒಳಗಿನ ನೋವು ಬಹಳ ಸಹಜವಾಗಿ ಬಂದಿದೆ."

ಜೀವಮಾನದಲ್ಲಿ ಮೊದಲ ಬಾರಿಗೆ ನಟನೆಗೆ ಸಿಕ್ಕ ಹೊಗಳಿಕೆ ಅದು. ರಾಯರು ಉಬ್ಬಿಹೋದರು. ತೊಂದರೆ ಶುರುವಾದದ್ದು ಆಮೇಲೆ. ಅವರ ಮಾತು ಮುಗಿದ ಮೇಲೆ ಮಗಳು ಉತ್ತರ ಕೊಡುವ ಮುಂಚೆ ಒಂದು ಗಳಿಗೆ ಮೌನ. ಎದುರಿನವರು ಸುಮ್ಮನಾದರೆಂದರೆ ಮಾತು ಮರೆತಿದ್ದಾರೆಂದೇ ರಾಯರಿಗೆ ಲೆಕ್ಕ. ಅವರ ತುಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. "'ಇಷ್ಟು ವರ್ಷ ನಾನಿದ್ದೇನೆ ಅಂತ...' ಹ್ಞಾಂ, ಅಲ್ಲಿಂದ ಎತ್ಕೋ" ಎಂದು ಪಿಸುಗುಟ್ಟಿಬಿಡುತ್ತಿದ್ದರು.

"ತಾವು ನನ್ನ ಮಾತನ್ನು ಹೇಳಿದಿರಿ. ಪಾತ್ರ ಬದಲಾಯಿಸೋಣವೇ? ನಾನು ಈಗ ತಂದೆ."

"ಬೇಡ ಮಾರಾಯ್ತಿ! ನೀನು ಮಗಳೇ! ನಾನೇ ಅಪ್ಪ! ಎಷ್ಟು ಸಲ ಹೇಳ್ಬೇಕು, ನೀನು ನನ್ನ ಮಗಳು!"

ಈ ಕೊನೆಯ ಮಾತು ಪಕ್ಕದ ಮನೆಯ ಟೈಲರಮ್ಮನಿಗೆ ಗೋಡೆಯಾಚೆಯಿಂದ ಅಕ್ಷರ ಬಿಡದೆ ಕೇಳಿಸಿತು. ಅವರು ಹೊಲಿಗೆ ಯಂತ್ರ ನಿಲ್ಲಿಸಿದರು. ಆ ಯಂತ್ರ ಹಗಲು ಹೊತ್ತು ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಯಂತ್ರ ಯಾಕೆ ನಿಂತಿತೆಂದು ವಿಚಾರಿಸಲು ಕೆಳಗಿನ ಮನೆಯ ಕೋರ್ಟ್ ಗುಮಾಸ್ತರು ಮೇಲೆ ಬಂದರು. ನಿವೃತ್ತರಾಗಿದ್ದರೂ ಕೋರ್ಟು ಅವರೊಳಗಿಂದ ನಿವೃತ್ತಿಯಾಗಿರಲಿಲ್ಲ. ಇಬ್ಬರೂ ಗೋಡೆಗೆ ಕಿವಿಯಿಟ್ಟರು.

"ಇಷ್ಟು ವರ್ಷ ನಾನಿದ್ದೇನೆ ಎಂದು ಯಾರಿಗಾದರೂ ಹೇಳಿದ್ದೀರಾ ಅಪ್ಪಾ?" ಎಂದಿತು ಹೆಣ್ಣುದನಿ.

"ಅಯ್ಯೋ, ಗುಟ್ಟಾಗಿಟ್ಟಿದ್ರು!" ಟೈಲರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಎಷ್ಟು ಶುದ್ಧವಾಗಿ ಮಾತಾಡ್ತಾಳೆ ನೋಡಿ. ಹಾಸ್ಟೆಲಲ್ಲಿ ಬೆಳೆಸಿರ್ಬೇಕು."

ಅಷ್ಟರಲ್ಲಿ ರಾಯರ ಪಿಸುಮಾತು ಕೇಳಿಸಿತು: "ಮೊದ್ಲು 'ಅಪ್ಪಾ' ಅನ್ನು, ಆಮೇಲೆ ಅಳು." ಹಿಂದೆಯೇ ಹೆಣ್ಣುದನಿ "ಅಪ್ಪಾ" ಎಂದು ಬಿಕ್ಕಿತು.

ಗುಮಾಸ್ತರ ಕಣ್ಣು ಅರಳಿತು. "ಇದು ಬರೀ ಮಗಳಲ್ಲಮ್ಮ. ಇದು ಸಾಕ್ಷಿ! ಸಾಕ್ಷಿಗೆ ಹೀಗೇ ಪಾಠ ಹೇಳಿಕೊಡೋದು. ನಾನು ಎಷ್ಟು ನೋಡಿಲ್ಲ! ಯಾವುದೋ ದೊಡ್ಡ ಕೇಸಿಗೆ ತಯಾರಿ ನಡೀತಿದೆ."

ವಾಚ್‌ಮನ್ ಅಂಗಳದಲ್ಲಿ ನಿಂತು ಕಿಟಕಿಯ ಪರದೆಯ ಮೇಲಿನ ನೆರಳು ನೋಡಿ ಬಂದು ತನ್ನ ವರದಿ ಒಪ್ಪಿಸಿದ. "ನೋಡ್ದೆ ಸಾರ್. ಎತ್ತರ ಇದ್ದಾಳೆ, ತೆಳ್ಳಗೆ. ಪಾಪ, ಅಪ್ಪ ಏನು ಹೇಳಿದ್ರೂ ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಾನೇ ಇದ್ದಾಳೆ. ನಿಲ್ಲಿಸ್ತಾನೇ ಇಲ್ಲ."

"ಹಟಮಾರಿ," ಎಂದರು ಗುಮಾಸ್ತರು.

"ರಾಯರ ಹಾಗೇ ತೆಳ್ಳಗೆ," ಎಂದರು ಟೈಲರಮ್ಮ. ಮುಂದಿನ ಅರ್ಧ ಗಂಟೆಯಲ್ಲಿ ಆ ಕಟ್ಟಡದಲ್ಲಿ ಹುಡುಗಿಯನ್ನು ನೋಡದೆ ಉಳಿದವರೇ ಇರಲಿಲ್ಲ. ಒಬ್ಬರಿಗೆ ಅವಳು ಕಳೆದ ವಾರವೇ ಮೆಟ್ಟಿಲಲ್ಲಿ ಎದುರಾಗಿದ್ದಳು. ಇನ್ನೊಬ್ಬರನ್ನು ನೋಡಿ ನಕ್ಕೂ ಇದ್ದಳಂತೆ. ಇಷ್ಟೆಲ್ಲ ಆದ ಮೇಲೆ ಹೆಂಡತಿಗೆ ತಿಳಿಸದಿರುವುದು ಅನ್ಯಾಯವೆಂದು ತೀರ್ಮಾನವಾಗಿ ಟೈಲರಮ್ಮ ಫೋನು ಮಾಡಿದರು.

"ಅಕ್ಕಾ, ಗಾಬರಿ ಆಗ್ಬೇಡಿ. ನಿಮ್ಮನೇಲಿ ಹೆಣ್ಣುಮಗು... ಮಗು ಅಂದ್ರೆ ದೊಡ್ಡದು, ಮದುವೆ ವಯಸ್ಸಿಂದು. ರಾಯರಿಗೆ ಅಪ್ಪ ಅಂತ ಕರೀತಿದೆ."

ಆ ಕಡೆಯಿಂದ "ಬರ್ತೀನಿ" ಎಂದಷ್ಟೇ ಕೇಳಿಸಿ ಫೋನು ಕಟ್ಟಾಯಿತು.

ಅವಳಿಗಿಂತ ಮೊದಲು ಬಂದವನು ಅವಳ ಅಣ್ಣ, ಹಳೇ ಹೀರೋ. ಎರಡು ಬೀದಿ ಆಚೆ ಮನೆ, ಸುದ್ದಿ ಅಲ್ಲಿಗೂ ಮುಟ್ಟಿತ್ತು. ಮೈಕಟ್ಟು ಹೊಟ್ಟೆಗೆ ಇಳಿದಿದ್ದರೂ ಪ್ರವೇಶ ಮಾಡುವ ಗತ್ತು ಇಳಿದಿರಲಿಲ್ಲ. ಬಾಗಿಲನ್ನು ಗುದ್ದಿದ ರಭಸಕ್ಕೆ ರಾಯರು ಬೆಚ್ಚಿ, ಫೋನು ಬಿಚ್ಚಿ ಜೇಬಿಗಿಳಿಸಿ, ಶಾಲನ್ನು ಮಂಚದಡಿಗೆ ಎಸೆದು ಬಾಗಿಲು ತೆಗೆದರು. ಭಾವನ ಹಿಂದೆ ಗುಮಾಸ್ತರು, ಅವರ ಹಿಂದೆ ಟೈಲರಮ್ಮ, ಅವರ ಹಿಂದೆ ವಾಚ್‌ಮನ್.

ಭಾವ ಒಂದು ಕೈ ಎದೆಯ ಮೇಲಿಟ್ಟು, ಇನ್ನೊಂದನ್ನು ಮುಂದೆ ಚಾಚಿದ. ಹಳೇ ನಿಲುವು, ಹೆಡ್‌ಲೈಟೊಂದಿಲ್ಲ ಅಷ್ಟೇ. "ಏನಯ್ಯಾ! ನನ್ನ ತಂಗಿಯಂಥ ಹೆಣ್ಣಿಗೆ ನೀನು... ನೀನು..."

ಮಾತು ಹೊರಡಲಿಲ್ಲ. ಸಿಟ್ಟಿನಲ್ಲಿ ಬಾಯಿ ಒಣಗಿತ್ತು. ಎದುರಿನವರು ತಡವರಿಸುವುದನ್ನು ರಾಯರು ನೋಡಿಕೊಂಡು ಸುಮ್ಮನಿರುವುದುಂಟೇ? ತುಸು ಬಾಗಿ ಮೆಲ್ಲಗೆ ಹೇಳಿದರು: "ದ್ರೋಹ ಬಗೆದೆ."

"ದ್ರೋಹ ಬಗೆದೆ!" ಭಾವ ಗುಡುಗಿದ. "ಇಂಥ ಪಾಪಕ್ಕೆ... ಇಂಥ..."

"ಕ್ಷಮೆಯೇ ಇಲ್ಲ."

"ಕ್ಷಮೆಯೇ ಇಲ್ಲ! ಹೇಳು, ಎಲ್ಲಿ... ಎಲ್ಲಿ..."

"ಮುಂದೆ ಗೊತ್ತಿಲ್ಲ ಭಾವ," ಎಂದರು ರಾಯರು ದೀನರಾಗಿ. "ಯಾರನ್ನ ಕೇಳ್ತಿದೀರಿ ಅಂತ ಹೇಳಿದ್ರೆ ಮುಂದಿಂದು ಹೇಳ್ಕೊಡ್ತೀನಿ."

"ನಿನ್ನ ಮಗಳಯ್ಯಾ!"

ರಾಯರಿಗೆ ನಿಜವಾಗಿಯೂ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಮಂಚದಡಿ ಬಗ್ಗಿದ, ಟೈಲರಮ್ಮ ಅಡುಗೆಮನೆ ನೋಡಿದರು, ಗುಮಾಸ್ತರು ಬಾತ್‌ರೂಮಿನ ಬಾಗಿಲು ತಟ್ಟಿ "ಹೆದರಬೇಡಮ್ಮ, ಕಾನೂನು ನಿನ್ನ ಕಡೆಗಿದೆ" ಎಂದರು. ಆಗ ರಾಯರ ಜೇಬು ಮಾತಾಡಿತು.

"ಅದ್ಭುತ! ಈ ಬಾರಿಯ ಸಿಟ್ಟು ಬಹಳ ಸಹಜವಾಗಿತ್ತು. ಆದರೆ ದೃಶ್ಯದಲ್ಲಿ ಇಲ್ಲದ ಮಾತುಗಳು ಸೇರಿವೆ. ಅಪ್ಪಾ, ಇನ್ನೊಮ್ಮೆ ಪ್ರಯತ್ನಿಸೋಣವೇ?"

ಎಲ್ಲರೂ ಜೇಬನ್ನೇ ನೋಡಿದರು. ರಾಯರು ಮುಖ ಕೆಂಪಗೆ ಮಾಡಿಕೊಂಡು ಫೋನು ಹೊರಗೆ ತೆಗೆದರು. ಜಾಹೀರಾತು, ತಂದೆಯ ಪಾತ್ರ, ಫ್ಯಾನು, ಶಾಲು, ಸಂಜೆಯ ಗಡುವು, ಒಂದನ್ನೂ ಮುಚ್ಚಿಡದೆ ಹೇಳಿದರು. ಹೇಳುವಾಗ ಅವರ ದನಿ ಮತ್ತೆ ಪಿಸುಮಾತಾಗಿಹೋಗಿತ್ತು.

ನಗು ಬರಬೇಕಾದ ಜಾಗದಲ್ಲಿ ಯಾಕೋ ಎಲ್ಲರಿಗೂ ಸಪ್ಪೆಯಾಯಿತು. "ಅಂದ್ರೆ ಹುಡುಗಿ ಇಲ್ವೇ ಇಲ್ಲ?" ಎಂದು ವಾಚ್‌ಮನ್ ಎರಡು ಸಲ ಕೇಳಿದ. "ನಾನು ಅವಳ ಕಡೆ ವಾದ ಕೂಡ ಯೋಚಿಸಿಟ್ಟಿದ್ದೆ," ಎಂದರು ಗುಮಾಸ್ತರು. ಭಾವನ ಮುಖದಲ್ಲಿ ಮಾತ್ರ ಬೇರೇನೋ ಮೂಡುತ್ತಿತ್ತು. ಅವನು ರಾಯರ ಪಕ್ಕದಲ್ಲಿ ಮಂಚದ ಮೇಲೆ ಧೊಪ್ಪನೆ ಕೂತ.

"ಈಗ್ಲೂ ನೀನೇ ಹೇಳ್ಕೊಟ್ಟೆಯಲ್ಲೋ. ಬೈಯ್ಯೋಕೂ ನಿನ್ನನ್ನೇ ಕೇಳ್ಬೇಕಾಯ್ತು."

"ಅಭ್ಯಾಸ ಭಾವ."

"ನಾನು ಸತ್ತಿದ್ದು ಜ್ಞಾಪಕ ಇದೆಯೇನೋ?"

ಇದ್ದೇ ಇತ್ತು. ಒಂದು ವರ್ಷ ರಣರಂಗದ ದೃಶ್ಯದಲ್ಲಿ ರಾಜನಾಗಿದ್ದ ಭಾವ ಸತ್ತು ಬಿದ್ದಿದ್ದ. ರಾಯರು ಗಾಳಿಗೆ ಎರಡು ಹಾಳೆ ಒಟ್ಟಿಗೆ ಮಗುಚಿ, "ಮಂತ್ರಿಗಳೇ, ಸೈನ್ಯ ಸಿದ್ಧವೇ?" ಎಂದು ಪಿಸುಗುಟ್ಟಿದರು. ಹೆಣ ಎದ್ದು ಕೂತು, ಕತ್ತಿ ಎತ್ತಿಕೊಂಡು, ಸೈನ್ಯ ಸಿದ್ಧವೇ ಎಂದು ಕೇಳಿತು. ಕೊಂದವನು ಗಾಬರಿಯಿಂದ ಬಸ್ಸಿನೊಳಗೆ ಹತ್ತಿ ಕೂತುಬಿಟ್ಟ. ಟೈರುಗಳ ಮೇಲೆ ಕೂತಿದ್ದ ಮೆಕ್ಯಾನಿಕ್ಕುಗಳು, ಅವರ ಹೆಂಡತಿಯರು, ಮಡಿಲಲ್ಲಿ ನಿದ್ದೆಹೋಗಿದ್ದ ಕೂಸುಗಳು ಎಲ್ಲ ಎದ್ದು ಚಪ್ಪಾಳೆ ಹೊಡೆದಿದ್ದರು.

"ನೀನು ಹೇಳಿದ್ರೆ ನಾನು ಸತ್ತೋನೂ ಎದ್ದೇಳ್ತಿದ್ದೆ. ಅಷ್ಟು ನಂಬಿಕೆ," ಎಂದ ಭಾವ. ಇಬ್ಬರೂ ನಕ್ಕರು. ಆ ಡೀಸೆಲ್ ವಾಸನೆ, ಬೆವರಿಗೆ ಕರಗಿದ ಬಣ್ಣ, ನಾಟಕ ಮುಗಿದ ಮೇಲೆ ಒಂದೇ ಲೋಟದಲ್ಲಿ ಹತ್ತು ಜನ ಕುಡಿದ ಚಹಾ, ಎಷ್ಟು ಚೆನ್ನಾಗಿತ್ತು ಅದೆಲ್ಲ! ಅದನ್ನು ಮತ್ತೆ ಯಾರು ತಂದುಕೊಡುತ್ತಾರೆ? ಇಬ್ಬರಿಗೂ ಕಣ್ಣು ತುಂಬಿತು.

ಟೈಲರಮ್ಮ ಒಮ್ಮೆಲೇ ಕಿರುಚಿದರು. "ಅಕ್ಕ! ಅಕ್ಕ ಬಸ್ಸು ಹತ್ತಿರ್ತಾರೆ!"

ರಾಯರು ಹೆಂಡತಿಯ ನಂಬರು ಒತ್ತಿದರು. ಫೋನು ಹೋಗಲಿಲ್ಲ, ಮತ್ತೆ ಮಾಡಿದರೂ ಹೋಗಲಿಲ್ಲ. ಮಕ್ಕಳಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೂ ಬಾಯಿಬಿಟ್ಟು ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಂಥ ಹೆಂಗಸಿಗೆ ಇಂಥ ಸುದ್ದಿ ಮುಟ್ಟಿಸಿದ್ದಾರೆ. ಅವಳು ಬರುವ ದಾರಿಯುದ್ದಕ್ಕೂ ಏನೇನು ಅನುಭವಿಸುತ್ತಿರಬಹುದು ಎಂದು ನೆನೆದ ರಾಯರಿಗೆ ಆಡಿಶನ್ನೂ ಬೇಡ, ಏನೂ ಬೇಡ ಅನ್ನಿಸಿತು. ಯಾರೂ ಎದ್ದು ಹೋಗಲಿಲ್ಲ. ಹೋಗಲು ಧೈರ್ಯವಿಲ್ಲದೆ ಕೂತರೋ, ಮುಂದೇನಾಗುತ್ತದೆಂದು ನೋಡಲು ಕೂತರೋ, ಅವರವರಿಗೇ ಗೊತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಬಂದಳು. ತಲೆ ಕೆದರಿತ್ತು, ಕಣ್ಣು ಊದಿತ್ತು. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದವಳು ಗಂಡನ ಕಡೆ ನೋಡಲಿಲ್ಲ. ಅಡುಗೆಮನೆಗೆ ಇಣುಕಿದಳು, ಮಲಗುವ ಕೋಣೆಗೆ ಇಣುಕಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

"ಎಲ್ಲಿ ಅವಳು? ಊಟ ಆಯ್ತಾ ಅವಳಿಗೆ?"

ಗುಮಾಸ್ತರು ನೆಲ ನೋಡಿದರು. ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ಹೆದರಿಸಿ ಕಳಿಸಿಬಿಟ್ರಾ ಎಲ್ರೂ ಸೇರಿ?" ಅವಳ ದನಿ ಏರಿತು. "ಅರ್ಧ ದಾರಿವರೆಗೂ ನಿಮ್ಮನ್ನ ಬೈದೆ ರೀ. ಮನಸ್ಸಲ್ಲೇ ಕೊಂದೂ ಹಾಕ್ದೆ. ಆಮೇಲೆ, ಆ ಹುಡುಗಿ ಏನು ಮಾಡಿದೆ ಪಾಪ, ಅಂತ ಅನ್ನಿಸ್ತು. ಎಲ್ಲಿ ಮಲಗಿಸೋದು, ಏನಂತ ಕರೆಯೋದು ಅಂತ ಯೋಚಿಸ್ತಾ ಬಂದೆ. ನನ್ನನ್ನ ಅಮ್ಮ ಅಂತ ಕರೀದಿದ್ರೂ ಪರವಾಗಿಲ್ಲ, ಇರ್ಲಿ ಅಂದ್ಕೊಂಡೆ. ಎಲ್ಲಿ, ಕರೀರಿ."

ಊರಿಗೆಲ್ಲ ಮಾತು ಹೇಳಿಕೊಟ್ಟ ರಾಯರಿಗೆ ಒಂದು ಪದ ಹೇಳಿಕೊಡಲು ಅಲ್ಲಿ ಯಾರಿಗೂ ಬರಲಿಲ್ಲ. ಅವರು ಫೋನನ್ನು ಮೇಜಿನ ಮೇಲಿಟ್ಟು ಅದರ ಕಡೆ ಬೆರಳು ಮಾಡಿದರು.

"ನಮಸ್ಕಾರ. ನಾನು ಮಗಳ ಪಾತ್ರಕ್ಕೆ ಸಿದ್ಧಳಿದ್ದೇನೆ," ಎಂದಿತು ಫೋನು.

ಭಾವನೇ ತಡವರಿಸುತ್ತ ಎಲ್ಲವನ್ನೂ ವಿವರಿಸಿದ. ಅವಳು ಕೇಳುತ್ತ ಕೇಳುತ್ತ ಕುರ್ಚಿಯ ಮೇಲೆ ಕೂತಳು. ಮೊದಲು ನಕ್ಕಳು. ನಗುನಗುತ್ತಲೇ ಅತ್ತಳು. ಎಲ್ಲರೆದುರಿಗೆ, ಮುಚ್ಚುಮರೆಯಿಲ್ಲದೆ, ಬಹಳ ದಿನದಿಂದ ಬಾಕಿಯಿದ್ದದ್ದನ್ನೆಲ್ಲ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಕಳಿಸಿದ್ರಾ ವಿಡಿಯೊ?" ಎಂದಳು.

"ಬೇಡ ಬಿಡೇ ಅದು."

"ಯಾಕೆ ಬೇಡ? ಕಟ್ಟಡಕ್ಕೆ ಕಟ್ಟಡಾನೇ ಹೆದರಿಸಿದೀರಂತೆ. ನಿಂತ್ಕೊಳ್ಳಿ. ಇವತ್ತು ನಾನು ನೋಡ್ಬೇಕು."

ವಾಚ್‌ಮನ್ ಹಳೇ ಫೋನು ಹಿಡಿದು ನಿಂತ. ಗುಮಾಸ್ತರು "ಮೌನ!" ಎಂದು ಕೂಗಿದರು. ಹೊಸ ಫೋನು ಅವಳ ಪಕ್ಕದ ಮೇಜಿನ ಮೇಲೆಯೇ ಇತ್ತು. ರಾಯರ ಕಾಲು ನಡುಗಿತು, ಆದರೆ ಬಾಯಿ ತೆರೆಯಿತು. ಬೈಯ್ಯಬೇಕಾದಲ್ಲಿ ಬೈದರು, ಸೋಲಬೇಕಾದಲ್ಲಿ ಸೋತರು. ಮಗಳು ಉತ್ತರಕ್ಕೆ ತಡಮಾಡಿದಾಗ ತುಟಿ ಕಚ್ಚಿ ಹಿಡಿದುಕೊಂಡರು. ದೃಶ್ಯದ ಕೊನೆಗೆ ಬಂದರು.

"ಹಾಗಾದರೆ ನಾನು ಹೊರಡಲೇ ಅಪ್ಪಾ?" ಎಂದಿತು ದನಿ.

ಇಲ್ಲಿ ತಂದೆಯ ಮಾತೊಂದಿತ್ತು. ಅದಕ್ಕಿಂತ ಮೊದಲು ಪಕ್ಕದಿಂದ ಇನ್ನೊಂದು ಮಾತು ಬಂದುಬಿಟ್ಟಿತು. "ಊಟ ಮಾಡ್ಕೊಂಡು ಹೋಗೇ," ಎಂದಳು ಹೆಂಡತಿ, ಫೋನಿನ ಕಡೆ ಬಾಗಿ.

ರಾಯರು ಗಕ್ಕನೆ ಅವಳತ್ತ ತಿರುಗಿದರು. ಪುಟದಲ್ಲಿದ್ದ ಮಾತು ಮರೆತುಹೋಯಿತು. "ಹೋಗ್ಬೇಡಮ್ಮ," ಎಂದರು ಅವಳನ್ನೇ ನೋಡುತ್ತ. "ಇಷ್ಟು ವರ್ಷ ನೀನಿಲ್ಲದೆ ನಿಮ್ಮಮ್ಮನೂ ನಾನೂ ಮನೆತುಂಬ ಪಿಸುಗುಟ್ಕೊಂಡೇ ಇದ್ವಿ. ಹೋಗ್ಬೇಡ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಭಾವ ಗೋಡೆ ಕಡೆ ಮುಖ ಮಾಡಿ ಮೂಗು ಸೀದಿಕೊಂಡ. "ಈ ಮಾತು ದೃಶ್ಯದಲ್ಲಿ ಇಲ್ಲ. ಮತ್ತೊಮ್ಮೆ ಮಾಡೋಣವೇ?" ಎಂದು ಫೋನು ವಿನಯದಿಂದ ಕೇಳಿತು. "ಬೇಡ, ಇದೇ ಇರ್ಲಿ," ಎಂದರು ರಾಯರು. ಗಡುವಿನೊಳಗೆ ಅದನ್ನೇ ಕಳಿಸಿದರು.

ಧಾರಾವಾಹಿಯವರ ಉತ್ತರ ಮುಂದಿನ ವಾರ ಬಂತು. ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಗಟ್ಟಿಯಾಗಿಯೇ ಓದಿ ಹೇಳಿದರು. ದನಿ ಚೆನ್ನಾಗಿದೆ, ಆದರೆ ಮುಖ್ಯವಾದ ಘಟ್ಟದಲ್ಲಿ ತಾವು ಕ್ಯಾಮೆರಾಗೆ ಬೆನ್ನು ಮಾಡಿದ್ದೀರಿ, ಮುಖ ಕಾಣಿಸುವುದೇ ಇಲ್ಲ, ಒಂದು ಕಿವಿ ಮಾತ್ರ ಕಾಣುತ್ತದೆ, ಆದ್ದರಿಂದ ಈ ಪಾತ್ರಕ್ಕೆ ತಮ್ಮನ್ನು ಪರಿಗಣಿಸಲಾಗುತ್ತಿಲ್ಲ.

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ಅವರ ಕಡೆ ತಿರುಗಿದಳು.

"ಅವರು ಎಲ್ಲಿಂದ ನೋಡಿದ್ರೋ ಏನೋ," ಎಂದಳು. "ನಂಗಂತೂ ಪೂರ್ತಿ ಮುಖ ಕಾಣಿಸ್ತು ರೀ."